ಬೆವರಿನ ಜೊತೆ ದದ್ದು: ವ್ಯಾಯಾಮ ಬಿಡಬೇಕೇ, ಮುಂದುವರಿಸಬಹುದೇ?

ವಾಕಿಂಗ್ ಶುರುಮಾಡಿ ಹತ್ತು ನಿಮಿಷವೂ ಆಗಿರುವುದಿಲ್ಲ, ಕುತ್ತಿಗೆಯ ಸುತ್ತ, ಎದೆಯ ಮೇಲೆ ಚುರುಚುರು ಎಂದು ನವೆ ಏಳುತ್ತದೆ. ಶರ್ಟು ಸರಿಸಿ ನೋಡಿದರೆ ಸಣ್ಣ ಸಣ್ಣ ಗುಳ್ಳೆಗಳು. ಮನೆಗೆ ಬಂದು ಫ್ಯಾನಿನ ಕೆಳಗೆ ಕೂತರೆ ಮುಕ್ಕಾಲು ಗಂಟೆಯಲ್ಲಿ ಎಲ್ಲ ಮಾಯ. ವೈದ್ಯರ ಬಳಿ ಹೋಗುವ ಹೊತ್ತಿಗೆ ತೋರಿಸಲು ಮೈಮೇಲೆ ಏನೂ ಉಳಿದಿರುವುದಿಲ್ಲ. ಮನೆಯವರು ‘ಪಿತ್ತ ಎದ್ದಿದೆ’ ಎನ್ನುತ್ತಾರೆ, ಜಿಮ್‌ನವರು ‘ಬೆವರಿನ ಅಲರ್ಜಿ’ ಎನ್ನುತ್ತಾರೆ, ಔಷಧ ಅಂಗಡಿಯವರು ಯಾವುದೋ ಒಂದು ಮುಲಾಮು ಕೊಟ್ಟು ಕಳಿಸುತ್ತಾರೆ. ಇದೆಲ್ಲ ಆದಮೇಲೂ ದದ್ದು ಬರುತ್ತಲೇ ಇದ್ದರೆ ಬಹಳಷ್ಟು ಜನ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ.

ಹಾಗೆ ಬಿಡುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಕಾಣಿಸಿಕೊಳ್ಳುವ ದದ್ದುಗಳಲ್ಲಿ ಬಹುಪಾಲು ಅಪಾಯವಿಲ್ಲದವು, ಸರಿಯಾದ ಚಿಕಿತ್ಸೆಗೆ ಬಗ್ಗುವಂಥವು. ಆದರೆ ಒಂದೆರಡು ಬಗೆಗಳು ಮಾತ್ರ ಜೀವಕ್ಕೇ ಎರವಾಗಬಲ್ಲವು. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವುದನ್ನು ಕಲಿತರೆ ಅನಗತ್ಯ ಭಯವೂ ಇರುವುದಿಲ್ಲ, ಅಪಾಯಕಾರಿ ಅಸಡ್ಡೆಯೂ ಇರುವುದಿಲ್ಲ.

ಮೊದಲು ಮೂರು ಪ್ರಶ್ನೆ

ದದ್ದು ಕಂಡ ಕೂಡಲೇ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು.

ಮೊದಲನೆಯದು, ಅದು ಯಾವಾಗ ಬಂತು, ಯಾವಾಗ ಹೋಯಿತು? ಮೈ ಬಿಸಿಯಾದ ಕೆಲವೇ ನಿಮಿಷಗಳಲ್ಲಿ ಬಂದು ಒಂದೆರಡು ಗಂಟೆಯೊಳಗೆ ಗುರುತೇ ಇಲ್ಲದಂತೆ ಹೋದರೆ ಅದು ಗಂಧೆಯ ಜಾತಿ. ಮರುದಿನವೂ ಅಲ್ಲೇ ಇದ್ದರೆ ಬೆವರುಸಾಲೆ, ಉಜ್ಜುಗಾಯ, ಶಿಲೀಂಧ್ರದ ಸೋಂಕು, ಬಿಸಿಲಿನ ದದ್ದು ಇತ್ಯಾದಿಗಳ ಕಡೆ ಯೋಚಿಸಬೇಕು.

ಎರಡನೆಯದು, ಎಲ್ಲಿ ಬಂತು? ಎದೆ, ಬೆನ್ನು, ತೋಳುಗಳಿಗೆಲ್ಲ ಹರಡಿತೇ, ತೊಡೆಯ ಸಂದಿಗೆ ಸೀಮಿತವೇ, ಬಿಸಿಲು ತಾಗಿದ ಭಾಗದಲ್ಲಿ ಮಾತ್ರವೇ, ಕಾಲುಚೀಲದ ಅಂಚಿನಿಂದ ಮೇಲಕ್ಕೇ?

ಮೂರನೆಯದು, ಎಷ್ಟು ದೊಡ್ಡದು, ಚರ್ಮದ ಹೊರತಾಗಿ ಬೇರೇನಾದರೂ ಆಯಿತೇ? ಸಾಸಿವೆ ಕಾಳಿನಷ್ಟು ಗುಳ್ಳೆಗೂ ಒಂದೊಂದು ಸೆಂಟಿಮೀಟರ್ ಮೀರಿ ಅಗಲವಾಗುವ ಗಂಧೆಗೂ ಅರ್ಥ ಬೇರೆ. ಉಸಿರು ಕಟ್ಟಿತೇ, ತಲೆ ಸುತ್ತಿತೇ, ತುಟಿ ಊದಿತೇ, ಹೊಟ್ಟೆ ತೊಳಸಿತೇ ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯ.

ನಮ್ಮ ಮೈಬಣ್ಣದ ವಿಚಾರವನ್ನೂ ಇಲ್ಲೇ ಹೇಳಬೇಕು. ವೈದ್ಯಕೀಯ ಪುಸ್ತಕಗಳಲ್ಲಿ ದದ್ದು ಎಂದರೆ ಕೆಂಪು ಎಂದು ಬರೆದಿರುತ್ತದೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಸ್ವಲ್ಪ ಕಂದಾಗಿ, ನೇರಳೆ ಛಾಯೆಯಾಗಿ ಕಾಣಬಹುದು, ಇಲ್ಲವೇ ಬಣ್ಣವೇ ಬದಲಾಗದೆ ಬರೀ ಉಬ್ಬಷ್ಟೇ ಇರಬಹುದು. ಆದ್ದರಿಂದ ಬೆರಳು ಆಡಿಸಿ ನೋಡಿ. ಕಿಟಕಿಯ ಪಕ್ಕ ನಿಂತು ಓರೆ ಬೆಳಕಿನಲ್ಲಿ ನೋಡಿ. ಆಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬಂದು ಮಾಯವಾಗುವ ದದ್ದಿಗೆ ಆ ಫೋಟೊಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೈ ಬಿಸಿಯಾದರೆ ಏಳುವ ಗಂಧೆ

ಓಡುವಾಗ, ಭಾರ ಎತ್ತುವಾಗ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಶಾಖವಾಗಿ ಬದಲಾಗುತ್ತದೆ. ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಹೆಚ್ಚು ಹರಿಯುತ್ತದೆ, ಬೆವರು ಗ್ರಂಥಿಗಳು ಚುರುಕಾಗುತ್ತವೆ. ‘ಬೆವರು ಸುರಿಸು’ ಎಂಬ ಸಂದೇಶವನ್ನು ನರಗಳಿಂದ ಗ್ರಂಥಿಗಳಿಗೆ ಮುಟ್ಟಿಸುವ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಕೆಲವರಲ್ಲಿ ಈ ಹಂತದಲ್ಲೇ ಚರ್ಮದೊಳಗಿನ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್ ಎಂಬ ವಸ್ತುವನ್ನು ಬಿಡುಗಡೆ ಮಾಡುತ್ತವೆ. ನವೆ, ಉಬ್ಬು, ಕೆಂಪು ಮೂರೂ ಆ ಹಿಸ್ಟಮಿನ್‌ನ ಕೆಲಸ. ಇದನ್ನು ವೈದ್ಯರು ಕೊಲಿನರ್ಜಿಕ್ ಅರ್ಟಿಕೇರಿಯಾ ಎನ್ನುತ್ತಾರೆ, ನಾವು ಶಾಖದ ಗಂಧೆ ಎನ್ನೋಣ. 1924ರಲ್ಲೇ ವೈದ್ಯಲೋಕ ಗುರುತಿಸಿದ ತೊಂದರೆ ಇದು.

ಇದರ ರೂಪವನ್ನು ಹತ್ತಿರದಿಂದ ನೋಡಿದರೆ ಮತ್ತೆ ಮರೆಯುವುದಿಲ್ಲ. ಒಂದೊಂದು ಉಬ್ಬೂ 1ರಿಂದ 3 ಮಿಲಿಮೀಟರ್ ಮಾತ್ರ, ನಡುವೆ ತುಸು ಬಿಳಿಚಿಕೊಂಡಿರುತ್ತದೆ. ಅದರ ಸುತ್ತ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಕೆಂಪು ವಲಯ. ಎದೆ, ಕುತ್ತಿಗೆ, ಬೆನ್ನಿನ ಮೇಲ್ಭಾಗದಲ್ಲಿ ಮೊದಲು ಎದ್ದು ತೋಳಿಗೆ, ಹೊಟ್ಟೆಗೆ, ತೊಡೆಗೆ ಹರಡುತ್ತದೆ. ಅಂಗೈ, ಅಂಗಾಲು, ಕಂಕುಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಉಬ್ಬುಗಳು ಒತ್ತೊತ್ತಾಗಿ ಎದ್ದರೆ ಕೆಂಪು ವಲಯಗಳು ಒಂದಕ್ಕೊಂದು ಸೇರಿ ಇಡೀ ಎದೆಯೇ ಕಂದಿದಂತೆ ಕಾಣುತ್ತದೆ. ತುರಿಕೆಗಿಂತ ಹೆಚ್ಚಾಗಿ ಸೂಜಿ ಚುಚ್ಚಿದ ಹಾಗೆ, ಉರಿದ ಹಾಗೆ ಅನಿಸುತ್ತದೆ. ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಇಳಿದುಹೋಗುತ್ತದೆ, ಕಲೆ ಬಿಡುವುದಿಲ್ಲ.

ಈ ಬಗೆಗೆ ವ್ಯಾಯಾಮವೊಂದೇ ಕಾರಣವಲ್ಲ. ಬಿಸಿನೀರಿನ ಸ್ನಾನ, ಖಾರದ ಊಟ, ಕಿಕ್ಕಿರಿದ ಬಸ್ಸಿನ ಸೆಕೆ, ಪರೀಕ್ಷೆಯ ಆತಂಕ, ಸಿಟ್ಟು, ಹೀಗೆ ಒಳಮೈಯ ಉಷ್ಣ ಏರಿಸುವ ಅಥವಾ ಬೆವರು ತರಿಸುವ ಯಾವುದೇ ಸಂಗತಿ ಸಾಕು. ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ ಹೆಚ್ಚು. ಕೆಲವರಿಗೆ ತಮ್ಮದೇ ಬೆವರಿನಲ್ಲಿರುವ ಅಂಶಗಳಿಗೆ ಅಲರ್ಜಿ ಇರುತ್ತದೆ. ಇನ್ನು ಕೆಲವರಿಗೆ ಬೆವರು ಸರಿಯಾಗಿ ಹೊರಬರುವುದೇ ಇಲ್ಲ, ಅಂಥವರಿಗೆ ಚಳಿಗಾಲದಲ್ಲೇ ಕಾಟ ಜಾಸ್ತಿ. ಬೆವರದೆ ಕಳೆದ ದಿನಗಳ ನಂತರ ಒಮ್ಮೆಲೇ ಜೋರಾಗಿ ಓಡಿದರೆ ಮೈಯೆಲ್ಲ ಚುಚ್ಚತೊಡಗುತ್ತದೆ. ‘ಬೇಸಿಗೆಯಲ್ಲಿ ಇರಲಿಲ್ಲ, ಡಿಸೆಂಬರ್‌ನಲ್ಲಿ ಶುರುವಾಯಿತು’ ಎಂದು ಯಾರಾದರೂ ಹೇಳಿದರೆ ಅಚ್ಚರಿಪಡಬೇಕಾಗಿಲ್ಲ.

ನಮ್ಮ ಕೆಲವು ಮನೆಗಳಲ್ಲಿ ಗಂಧೆ ಎದ್ದರೆ ಕಂಬಳಿ ಹೊದೆಸಿ ಮಲಗಿಸುವ, ಕಂಬಳಿಯಿಂದ ಮೈ ಉಜ್ಜುವ ರೂಢಿಯಿದೆ. ಈ ಬಗೆಯ ಗಂಧೆಗೆ ಅದು ಮಾಡಬಾರದ ಕೆಲಸ. ಶಾಖವೇ ಕಾರಣವಾಗಿರುವಾಗ ಶಾಖ ಹೆಚ್ಚಿಸಿದರೆ ದದ್ದು ಇನ್ನಷ್ಟು ಏಳುತ್ತದೆ. ನೆರಳಿಗೆ ಬನ್ನಿ, ಬಟ್ಟೆ ಸಡಿಲಿಸಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಟವೆಲ್ ಮೈಮೇಲೆ ಹಾಕಿಕೊಳ್ಳಿ, ನೀರು ಕುಡಿಯಿರಿ. ಅಷ್ಟು ಸಾಕು.

ಬಹಳ ತಿಂಗಳು ಬಿಟ್ಟು ಮತ್ತೆ ವಾಕಿಂಗ್ ಶುರುಮಾಡಿದವರಿಗೆ ಗುಳ್ಳೆಯೇ ಇಲ್ಲದೆ ತೊಡೆ, ಹೊಟ್ಟೆಯಲ್ಲಿ ವಿಪರೀತ ನವೆ ಬರುವುದುಂಟು. ಕೆಲಸವಿಲ್ಲದೆ ಇದ್ದ ಭಾಗಗಳಿಗೆ ರಕ್ತದ ಹರಿವು ಏಕಾಏಕಿ ಹೆಚ್ಚುವುದು ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಅಭ್ಯಾಸ ಬಿಡದೆ ಮುಂದುವರಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ.

ಗಂಧೆಯಂತೆ ಕಂಡರೂ ಗಂಧೆಯಲ್ಲದವು

*ಬೆವರುಸಾಲೆ.* ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಚರ್ಮ ನೆನೆದು ಬೆವರಿನ ನಾಳಗಳ ಬಾಯಿ ಕಟ್ಟಿಕೊಳ್ಳುತ್ತದೆ, ಬೆವರು ಒಳಗೇ ಸೋರಿ ಗುಳ್ಳೆಯೇಳುತ್ತದೆ. ಗಂಧೆಯಂತೆ ಗಂಟೆಯೊಳಗೆ ಹೋಗದೆ ದಿನಗಟ್ಟಲೆ ಉಳಿಯುವುದು ಇದರ ಗುರುತು. ಬಿಗಿ ಬಟ್ಟೆ ಒತ್ತುವ ಕಡೆ, ಬೆನ್ನು, ಕುತ್ತಿಗೆ, ಸೊಂಟಪಟ್ಟಿಯ ಜಾಗದಲ್ಲಿ ಜಾಸ್ತಿ. ತಂಪು ಮತ್ತು ಗಾಳಿಯೇ ಇದಕ್ಕೆ ಮದ್ದು. ಎಣ್ಣೆ, ಜಿಡ್ಡಿನ ಮುಲಾಮು ಹಚ್ಚಿದರೆ ನಾಳ ಇನ್ನಷ್ಟು ಕಟ್ಟುತ್ತದೆ. ನವೆ ಜಾಸ್ತಿಯಿದ್ದರೆ ಕ್ಯಾಲಮೈನ್ ಲೋಶನ್ ಹಚ್ಚಬಹುದು. ಕೆಲವು ದಿನ ಬೆಳಗಿನ ತಂಪಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಹಗುರ ವ್ಯಾಯಾಮ ಮಾಡಿ.

*ಉಜ್ಜುಗಾಯ.* ಒಳತೊಡೆ, ಕಂಕುಳು, ಬ್ರಾ ಪಟ್ಟಿಯ ಕೆಳಗೆ, ದೂರ ಓಡುವ ಗಂಡಸರಲ್ಲಿ ಮೊಲೆತೊಟ್ಟುಗಳಲ್ಲಿ ಚರ್ಮ ಕಿತ್ತು ಉರಿಯುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಭಾರವಾಗಿ ಉಜ್ಜುವುದು ಇದಕ್ಕೆ ದೊಡ್ಡ ಕಾರಣ. ಓಟಕ್ಕೆ ಮೊದಲು ಆ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ಬೇಗ ಆರುವ, ಹೊಲಿಗೆ ಉಬ್ಬಿರದ ಬಟ್ಟೆ ತೊಡಿ. ಹೊಸ ಟಿ-ಶರ್ಟನ್ನು ಮ್ಯಾರಥಾನ್ ದಿನವೇ ಮೊದಲ ಬಾರಿ ತೊಡಬೇಡಿ.

*ಹುಳುಕಡ್ಡಿ.* ತೊಡೆಯ ಸಂದಿಯಲ್ಲಿ, ಸೊಂಟದ ಸುತ್ತ ಉಂಗುರದಂತೆ ಅಂಚು ಉಬ್ಬಿ ನಡುವೆ ತಿಳಿಯಾಗುವ ಕಲೆ, ರಾತ್ರಿ ತಡೆಯಲಾರದ ತುರಿಕೆ ಇದ್ದರೆ ಅದು ಶಿಲೀಂಧ್ರದ ಸೋಂಕು. ಬೆವರಿದ ಬಟ್ಟೆಯಲ್ಲೇ ಗಂಟೆಗಟ್ಟಲೆ ಇರುವುದು, ಟವೆಲ್ ಹಂಚಿಕೊಳ್ಳುವುದು, ಜೀನ್ಸ್ ಒಗೆಯದೆ ಮತ್ತೆ ಮತ್ತೆ ಹಾಕುವುದು ಇದಕ್ಕೆ ಆಹ್ವಾನ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಔಷಧ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಹಲವು ‘ತುರಿಕೆ ಕ್ರೀಮು’ಗಳಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಬಲವಾದ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಂತು ಗುಣವಾದಂತೆ ತೋರುತ್ತದೆ, ಬಿಟ್ಟ ಕೂಡಲೇ ಎರಡು ಪಟ್ಟು ಹರಡುತ್ತದೆ, ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ದೇಶದಲ್ಲಿ ಹುಳುಕಡ್ಡಿ ಈಗ ಮಾಮೂಲಿ ಮದ್ದಿಗೆ ಜಗ್ಗದ ಸ್ಥಿತಿಗೆ ಬಂದಿರುವುದರ ಹಿಂದೆ ಈ ಕ್ರೀಮುಗಳ ದುರ್ಬಳಕೆಯೂ ಇದೆ ಎಂದು ಚರ್ಮರೋಗ ತಜ್ಞರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಳ್ಳಬೇಡಿ, ಸ್ನೇಹಿತರು ಕೊಟ್ಟರೂ ಹಚ್ಚಬೇಡಿ.

*ಬಿಸಿಲು ಮತ್ತು ಪಾರ್ಥೇನಿಯಂ.* ಎದೆಯ ತೆರೆದ ಭಾಗ, ಮುಂಗೈ, ಕತ್ತಿನ ಹಿಂಭಾಗದಲ್ಲಷ್ಟೇ ಸಣ್ಣ ಸಣ್ಣ ಗುಳ್ಳೆ ಎದ್ದು, ಬಟ್ಟೆ ಮುಚ್ಚಿದ ಜಾಗ ಸ್ವಚ್ಛವಾಗಿದ್ದರೆ ದೋಷ ಓಟದ್ದಲ್ಲ, ಬಿಸಿಲಿನದು. ಸಾಮಾನ್ಯವಾಗಿ ಬಿಸಿಲಿಗೆ ಹೋಗಿ ಬಂದ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಂಡು ಹಲವು ದಿನ ಇರುತ್ತದೆ. ಇನ್ನೊಂದು ಕಾರಣ ನಮ್ಮ ಬಯಲು, ಖಾಲಿ ಸೈಟು, ರಸ್ತೆಬದಿಗಳಲ್ಲಿ ಬೆಳೆದು ನಿಂತಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಒಣಗಿದ ಪುಡಿ ಗಾಳಿಯಲ್ಲಿ ಹಾರಿ ಕಣ್ಣಿನ ರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತು ಚರ್ಮ ದಪ್ಪಗಾಗಿ ಕಪ್ಪಾಗುವಷ್ಟು ತುರಿಕೆ ತರುತ್ತದೆ. ಒಂದು ದಾರಿಯಲ್ಲಿ ನಡೆದಾಗ ಮಾತ್ರ ತೊಂದರೆ, ಇನ್ನೊಂದು ದಾರಿಯಲ್ಲಿ ಇಲ್ಲ ಎಂದಾದರೆ ಅಕ್ಕಪಕ್ಕದ ಗಿಡಗಳನ್ನು ಒಮ್ಮೆ ಗಮನಿಸಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

*ಕಾಲಿನ ಕೆಂಪು.* ಬಿಸಿಲಿನಲ್ಲಿ ಗಂಟೆಗಟ್ಟಲೆ ನಡೆದವರಿಗೆ, ಮುಖ್ಯವಾಗಿ ಐವತ್ತು ದಾಟಿದ ಮಹಿಳೆಯರಿಗೆ, ಮೊಣಕಾಲಿನ ಕೆಳಗೆ ಕೆಂಪು ಅಥವಾ ನೇರಳೆ ಬಣ್ಣದ ಮಚ್ಚೆಗಳೇಳುತ್ತವೆ. ಕಾಲುಚೀಲ ಮುಚ್ಚಿದ ಜಾಗದಲ್ಲಿ ಇರುವುದಿಲ್ಲ. ಸಣ್ಣ ರಕ್ತನಾಳಗಳ ತಾತ್ಕಾಲಿಕ ಉರಿಯೂತ ಇದು. ಬೆಟ್ಟ ಹತ್ತುವ ಯಾತ್ರೆ, ಪಾದಯಾತ್ರೆ, ಪ್ರವಾಸಗಳ ನಂತರ ಇದನ್ನು ಕಂಡು ಗಾಬರಿಯಾಗುವವರಿದ್ದಾರೆ. ಕಾಲು ಎತ್ತರಕ್ಕಿಟ್ಟು ವಿಶ್ರಾಂತಿ ಪಡೆದರೆ ಹತ್ತು ದಿನದೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ನಡೆಯದೇ ಇದ್ದರೂ ಮಚ್ಚೆ ಬಂದರೆ, ಜ್ವರ, ಕೀಲುನೋವು, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ನೋಡಿ.

*ತಣ್ಣೀರಿನ ಗಂಧೆ.* ಈಜುಕೊಳಕ್ಕಿಳಿದಾಗ, ಚಳಿಗಾಳಿಯಲ್ಲಿ ಸೈಕಲ್ ತುಳಿದಾಗ ಗಂಧೆ ಏಳುವವರಿಗೆ ಕಾರಣ ತಂಪು. ಇಂಥವರು ತಣ್ಣೀರಿಗೆ ಒಮ್ಮೆಲೇ ಧುಮುಕಿದರೆ ರಕ್ತದೊತ್ತಡ ಕುಸಿದು ನೀರಿನಲ್ಲೇ ಪ್ರಜ್ಞೆ ತಪ್ಪುವ ಅಪಾಯವಿದೆ. ವೈದ್ಯರು ಪರೀಕ್ಷಿಸಿ ಹೇಳುವವರೆಗೆ ಈಜು ಬೇಡ, ಒಬ್ಬರೇ ಅಂತೂ ಬೇಡವೇ ಬೇಡ.

ಚಪಾತಿ ತಿಂದು ಓಡಿದಾಗ

ಈಗ ನಿಜವಾಗಿ ಹೆದರಬೇಕಾದ ಬಗೆಗೆ ಬರೋಣ. ವ್ಯಾಯಾಮದಿಂದಲೇ ಉಂಟಾಗುವ ತೀವ್ರ ಅಲರ್ಜಿ ಆಘಾತ, ಅಂದರೆ ಅನಾಫಿಲ್ಯಾಕ್ಸಿಸ್, ಅಪರೂಪ. ಆದರೆ ಅದು ಬಂದಾಗ ನಿಮಿಷಗಳ ಲೆಕ್ಕ. ಇಲ್ಲಿ ಏಳುವ ಗಂಧೆ ಸಾಮಾನ್ಯವಾಗಿ ದೊಡ್ಡದು, ಒಂದು ಸೆಂಟಿಮೀಟರ್‌ಗಿಂತ ಅಗಲ. ಮೈ ಬಿಸಿಯಾಗಿ, ವಿಪರೀತ ಸುಸ್ತಾಗಿ, ಅಂಗೈ ಅಂಗಾಲು ತುರಿಸತೊಡಗಿ, ತುಟಿ ಕಣ್ಣು ಊದಿ, ಗಂಟಲು ಬಿಗಿದು, ಉಸಿರು ಸುಂಯ್‌ಗುಟ್ಟಿ, ಕಣ್ಣು ಕತ್ತಲೆ ಕಟ್ಟುತ್ತದೆ. ಕೆಲವರಿಗೆ ವಾಂತಿ, ಹೊಟ್ಟೆನೋವು, ಭೇದಿ. ಬಿಸಿನೀರಿನ ಸ್ನಾನದಿಂದ ಇದು ಬರುವುದಿಲ್ಲ, ದೇಹ ಶ್ರಮಪಟ್ಟಾಗ ಮಾತ್ರ ಬರುತ್ತದೆ. ಶಾಖದ ಗಂಧೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇದರ ಇನ್ನೊಂದು ರೂಪ ಆಹಾರ ಮತ್ತು ವ್ಯಾಯಾಮ ಎರಡೂ ಸೇರಿದಾಗ ಮಾತ್ರ ಕೆರಳುತ್ತದೆ. 1979ರಲ್ಲಿ ಮೊದಲು ವರದಿಯಾದ ಪ್ರಕರಣದಲ್ಲಿ ಕಾರಣ ಚಿಪ್ಪುಮೀನು. ಈಗ ಜಗತ್ತಿನ ಹಲವೆಡೆ ಮೊದಲ ಸ್ಥಾನದಲ್ಲಿರುವುದು ಗೋಧಿ. ಗೋಧಿಯಲ್ಲಿರುವ ಒಮೆಗಾ-5 ಗ್ಲಿಯಾಡಿನ್ ಎಂಬ ಪ್ರೋಟೀನು ಇದಕ್ಕೆ ಮೂಲ. ಸಿಗಡಿ, ಏಡಿ, ಕಡಲೆಕಾಯಿ, ಕೆಲವು ಹಣ್ಣು ತರಕಾರಿಗಳೂ ಕಾರಣವಾಗಬಹುದು.

ಇದು ಬೇಗ ಪತ್ತೆಯಾಗದಿರಲು ಕಾರಣವಿದೆ. ಚಪಾತಿ ತಿಂದು ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿದರೂ ಏನೂ ಆಗುವುದಿಲ್ಲ. ಚಪಾತಿ ತಿಂದು ಕೆಲವು ಗಂಟೆಗಳೊಳಗೆ ಓಡಿದರೆ ಮಾತ್ರ ಆಗುತ್ತದೆ. ಅದೂ ಪ್ರತಿ ಸಲ ಆಗಲಿಕ್ಕಿಲ್ಲ. ಹಾಗಾಗಿ ‘ದಿನಾ ತಿನ್ನುವ ಚಪಾತಿಗೆ ಅಲರ್ಜಿ ಇರಲು ಹೇಗೆ ಸಾಧ್ಯ’ ಎಂದು ಯಾರೂ ಅದರ ಮೇಲೆ ಅನುಮಾನವನ್ನೇ ಪಡುವುದಿಲ್ಲ. ಓಟಕ್ಕೆ ಮೊದಲು ಮೊಣಕಾಲು ನೋವಿಗೆಂದು ನುಂಗಿದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆ, ಹಿಂದಿನ ರಾತ್ರಿಯ ನಿದ್ದೆಗೇಡು, ಮದ್ಯ, ಜ್ವರ, ಮುಟ್ಟಿನ ದಿನಗಳು ಇವೆಲ್ಲ ಆ ಪ್ರತಿಕ್ರಿಯೆಯನ್ನು ಸುಲಭವಾಗಿಸುತ್ತವೆ.

ಗೋಧಿ ಅಡಗಿರುವ ತಿನಿಸುಗಳ ಪಟ್ಟಿ ನಮ್ಮ ಅಡುಗೆಮನೆಯಲ್ಲಿ ಉದ್ದವಾಗಿದೆ. ಚಪಾತಿ, ಪೂರಿ, ಬ್ರೆಡ್, ಬಿಸ್ಕತ್ತು ಎಲ್ಲರಿಗೂ ಗೊತ್ತು. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ರವೆ ದೋಸೆ, ರವೆ ಉಂಡೆಯ ರವೆಯೂ ಗೋಧಿಯದೇ. ಶ್ಯಾವಿಗೆ, ಹೋಳಿಗೆಯ ಕಣಕ, ಗೋಬಿ ಮಂಚೂರಿಗೆ ಕಲಸುವ ಮೈದಾ ಕೂಡ ಅದೇ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಎಷ್ಟೋ ಬಾರಿ ಗೋಧಿ ಹಿಟ್ಟು ಅಥವಾ ಮೈದಾ ಸೇರಿಸಿರುತ್ತಾರೆ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಅಕ್ಕಿ-ಉದ್ದಿನ ಇಡ್ಲಿ, ಅವಲಕ್ಕಿಗಳಲ್ಲಿ ಗೋಧಿ ಇರುವುದಿಲ್ಲ, ಹಿಟ್ಟಿಗೆ ಬೇರೇನೂ ಬೆರೆಸದೆ ಇದ್ದರೆ.

ಈ ತೊಂದರೆ ಖಚಿತವಾದವರು ಆ ಆಹಾರ ತಿಂದ ಕನಿಷ್ಠ ನಾಲ್ಕರಿಂದ ಆರು ಗಂಟೆ ವ್ಯಾಯಾಮ ಮಾಡಬಾರದು. ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನುವ ಮೊದಲು ವ್ಯಾಯಾಮ ಮುಗಿಸುವುದು ಹಲವರಿಗೆ ಒಗ್ಗುವ ದಾರಿ. ಬಸ್ ಹಿಡಿಯಲು ಓಡುವುದು, ಮಹಡಿ ಹತ್ತುವುದು, ಮದುವೆ ಮನೆಯಲ್ಲಿ ಊಟವಾದ ಮೇಲೆ ಕುಣಿಯುವುದು ಕೂಡ ವ್ಯಾಯಾಮವೇ ಎಂಬುದು ನೆನಪಿರಲಿ.

ಆ ಕ್ಷಣದಲ್ಲಿ ಏನು ಮಾಡಬೇಕು

ಚರ್ಮದ ದದ್ದಿನ ಜೊತೆ ಈ ಕೆಳಗಿನ ಯಾವುದೇ ಒಂದು ಲಕ್ಷಣ ಸೇರಿದರೂ ಅದನ್ನು ತುರ್ತು ಸ್ಥಿತಿ ಎಂದೇ ತಿಳಿಯಿರಿ: ಉಸಿರಾಟದ ತೊಂದರೆ, ಗಂಟಲು ಬಿಗಿತ ಅಥವಾ ದನಿ ಒಡೆಯುವುದು, ತುಟಿ ನಾಲಿಗೆ ಊತ, ತಲೆಸುತ್ತು, ಕಣ್ಣು ಕತ್ತಲೆ, ಮತ್ತೆ ಮತ್ತೆ ವಾಂತಿ. ಕೆಲವರಲ್ಲಿ ದದ್ದು ಇಲ್ಲದೆಯೂ ಆಘಾತವಾಗಬಹುದು.

1. ಓಟ, ಆಟ ತಕ್ಷಣ ನಿಲ್ಲಿಸಿ. ‘ಇನ್ನೊಂದು ಸುತ್ತು ಮುಗಿಸಿಬಿಡುತ್ತೇನೆ’ ಎನ್ನಬೇಡಿ.
2. ಅಂಗಾತ ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರು ಕಷ್ಟವಾದರೆ ಒರಗಿ ಕೂರಿಸಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಎದ್ದು ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು ಬೇಡ. ರಕ್ತದೊತ್ತಡ ಕುಸಿದಿರುವಾಗ ಹಾಗೆ ಮಾಡುವುದೇ ಪ್ರಾಣಕ್ಕೆ ಮುಳುವಾಗಬಹುದು.
3. ವೈದ್ಯರು ಮೊದಲೇ ಅಡ್ರಿನಾಲಿನ್ ಚುಚ್ಚುಮದ್ದು ಬರೆದುಕೊಟ್ಟು ಕಲಿಸಿದ್ದರೆ ತೊಡೆಯ ಹೊರಬದಿಯ ನಡುಭಾಗಕ್ಕೆ ಕೂಡಲೇ ಕೊಡಿ. ಈ ಸ್ಥಿತಿಗೆ ಮೊದಲ ಮದ್ದು ಅದೇ. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಜೀವ ಉಳಿಸುವುದಿಲ್ಲ.
4. 108ಕ್ಕೆ ಕರೆ ಮಾಡಿ ‘ತೀವ್ರ ಅಲರ್ಜಿ, ಉಸಿರು ಕಟ್ಟುತ್ತಿದೆ’ ಎಂದು ಸ್ಪಷ್ಟವಾಗಿ ಹೇಳಿ.
5. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಿ. ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದು, ಅಷ್ಟು ಹೊತ್ತು ವೈದ್ಯರ ಕಣ್ಣಳತೆಯಲ್ಲಿ ಇರಬೇಕು.

ವಿದೇಶಗಳಲ್ಲಿ ಬಳಸುವ ಅಡ್ರಿನಾಲಿನ್ ಪೆನ್ನು ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಿಲ್ಲದಿದ್ದರೆ ಏನು ಇಟ್ಟುಕೊಳ್ಳಬೇಕು, ಎಷ್ಟು ಪ್ರಮಾಣ ಎಂದು ನಿಮ್ಮ ವೈದ್ಯರಿಂದ ಬರೆಸಿಕೊಂಡು, ನಿಮ್ಮ ಜೊತೆ ಓಡುವವರಿಗೂ ಮನೆಯವರಿಗೂ ಹೇಳಿಕೊಡಿ.

ವೈದ್ಯರ ಬಳಿ ಹೋಗುವಾಗ

ಚರ್ಮರೋಗ ತಜ್ಞರನ್ನು ಅಥವಾ ಅಲರ್ಜಿ ತಜ್ಞರನ್ನು ನೋಡಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ದಿನ, ಯಾವ ವ್ಯಾಯಾಮ, ಎಷ್ಟು ಹೊತ್ತಿಗೆ ದದ್ದು, ಎಷ್ಟು ಹೊತ್ತು ಇತ್ತು, ಹಿಂದಿನ ಆರು ಗಂಟೆಯಲ್ಲಿ ಏನು ತಿಂದಿರಿ, ಯಾವ ಮಾತ್ರೆ ನುಂಗಿದಿರಿ, ಸೆಕೆಯೋ ಚಳಿಯೋ. ಜೊತೆಗೆ ಫೋಟೊ ಒಯ್ಯಿರಿ. ರಕ್ತದೊತ್ತಡಕ್ಕೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಬೀಟಾ ಬ್ಲಾಕರ್ ಗುಂಪಿನ ಮದ್ದುಗಳು ಅಡ್ರಿನಾಲಿನ್‌ನ ಕೆಲಸಕ್ಕೆ ಅಡ್ಡಿಯಾಗಬಲ್ಲವು. ಹಾಗೆಂದು ನೀವಾಗಿಯೇ ಅವನ್ನು ನಿಲ್ಲಿಸಬೇಡಿ.

ಅಗತ್ಯವಿದ್ದರೆ ವೈದ್ಯರು ತಮ್ಮ ಎದುರಿಗೇ ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ ನಾಡಿಬಡಿತ ಏರಿಸಿ ದದ್ದು ಏಳುತ್ತದೆಯೇ ನೋಡುತ್ತಾರೆ. ಎದ್ದರೆ ಇನ್ನೊಂದು ದಿನ ಬಿಸಿನೀರಿನಲ್ಲಿ ಮೈ ಬೆಚ್ಚಗಾಗಿಸಿ ನೋಡುತ್ತಾರೆ. ಎರಡರಲ್ಲೂ ಎದ್ದರೆ ಶಾಖದ ಗಂಧೆ, ವ್ಯಾಯಾಮದಲ್ಲಿ ಮಾತ್ರ ಎದ್ದರೆ ವ್ಯಾಯಾಮದ ಅಲರ್ಜಿ ಆಘಾತದ ಅನುಮಾನ. ಗೋಧಿಯ ಶಂಕೆಯಿದ್ದರೆ ಒಮೆಗಾ-5 ಗ್ಲಿಯಾಡಿನ್‌ಗೆ ರಕ್ತಪರೀಕ್ಷೆ ಇದೆ. ‘ಮನೆಯಲ್ಲೇ ಚಪಾತಿ ತಿಂದು ಓಡಿ ನೋಡೋಣ’ ಎಂಬ ಪ್ರಯೋಗ ಮಾತ್ರ ಯಾವ ಕಾರಣಕ್ಕೂ ಬೇಡ.

ಶಾಖದ ಗಂಧೆಗೆ ಮೊದಲ ಚಿಕಿತ್ಸೆ ನಿದ್ದೆ ಹೆಚ್ಚು ತರದ ಹೊಸ ತಲೆಮಾರಿನ ಅಲರ್ಜಿ ಮಾತ್ರೆಗಳು: ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್, ಲೊರಾಟಡಿನ್ ಇತ್ಯಾದಿ. ದದ್ದು ಎದ್ದಾಗ ಮಾತ್ರ ನುಂಗುವುದಕ್ಕಿಂತ ವೈದ್ಯರು ಹೇಳಿದಷ್ಟು ದಿನ ನಿತ್ಯ ತೆಗೆದುಕೊಳ್ಳುವುದು ಫಲಕಾರಿ. ಒಂದು ಮಾತ್ರೆಗೆ ಬಗ್ಗದಿದ್ದರೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸಲು ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಅವಕಾಶವಿದೆ, ಆ ನಿರ್ಧಾರ ವೈದ್ಯರದ್ದು. ಫೆಕ್ಸೊಫೆನಡಿನ್ ಅನ್ನು ಹಣ್ಣಿನ ರಸದ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ನೀರಿನಲ್ಲೇ ನುಂಗಿ. ಅವಿಲ್‌ನಂಥ ಹಳೆಯ ಮಾತ್ರೆಗಳು ಜೊಂಪು ತರುತ್ತವೆ, ನುಂಗಿ ಗಾಡಿ ಓಡಿಸುವುದೂ ಟ್ರೆಡ್‌ಮಿಲ್ ಹತ್ತುವುದೂ ಅಪಾಯ. ಯಾವುದಕ್ಕೂ ಬಗ್ಗದವರಿಗೆ ಓಮಲಿಜುಮ್ಯಾಬ್ ಎಂಬ ಚುಚ್ಚುಮದ್ದು ಇದೆ, ದುಬಾರಿಯಾದರೂ ಹಲವರಿಗೆ ಗುಣ ಕೊಟ್ಟಿದೆ. ಸ್ಪರ್ಧೆಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆ, ಚುಚ್ಚುಮದ್ದಿನ ರೂಪದ ಸ್ಟಿರಾಯ್ಡ್‌ಗಳು ಸ್ಪರ್ಧೆಯ ಅವಧಿಯಲ್ಲಿ ನಿಷೇಧಿತ ಪಟ್ಟಿಯಲ್ಲಿವೆ.

ವ್ಯಾಯಾಮವನ್ನು ಉಳಿಸಿಕೊಳ್ಳುವ ಬಗೆ

ಶಾಖದ ಗಂಧೆಗೆ ಒಂದು ವಿಶೇಷ ಗುಣವಿದೆ. ಒಮ್ಮೆ ದದ್ದು ಎದ್ದು ಇಳಿದ ಮೇಲೆ ಕೆಲವರಲ್ಲಿ ಸುಮಾರು 24 ಗಂಟೆಯವರೆಗೆ ಅದು ಮತ್ತೆ ಏಳುವುದಿಲ್ಲ. ಇದನ್ನೇ ಬಳಸಿಕೊಂಡು ವೈದ್ಯರ ಸಲಹೆಯಂತೆ ನಿತ್ಯ ಸ್ವಲ್ಪ ಸ್ವಲ್ಪವೇ ಬೆವರುವ ಅಭ್ಯಾಸ ಮಾಡಿದರೆ, ಮುಖ್ಯವಾಗಿ ಬೆವರು ಕಡಿಮೆ ಇರುವವರಲ್ಲಿ, ತಿಂಗಳುಗಳಲ್ಲಿ ಕಾಟ ಇಳಿಯುವುದುಂಟು. ವಾರವೆಲ್ಲ ಏಸಿಯಲ್ಲಿ ಕೂತು ಭಾನುವಾರ ಮಾತ್ರ ಹತ್ತು ಕಿಲೋಮೀಟರ್ ಓಡುವುದಕ್ಕಿಂತ ದಿನವೂ ಅರ್ಧ ಗಂಟೆ ನಡೆಯುವುದು ಒಳ್ಳೆಯದು. ಆದರೆ ಹಿಂದೆ ಒಮ್ಮೆಯಾದರೂ ಉಸಿರುಕಟ್ಟು, ತಲೆಸುತ್ತು ಆಗಿದ್ದವರಿಗೆ ಈ ದಾರಿ ಸಲ್ಲದು.

ಎಲ್ಲರೂ ಪಾಲಿಸಬಹುದಾದವು ಇವು. ಹತ್ತು-ಹದಿನೈದು ನಿಮಿಷ ನಿಧಾನವಾಗಿ ಮೈ ಬೆಚ್ಚಗಾಗಲು ಬಿಡಿ, ಆಮೇಲೆ ವೇಗ ಹೆಚ್ಚಿಸಿ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಬೆಳಗಿನ ಆರೂವರೆಯೊಳಗೆ ವ್ಯಾಯಾಮ ಮುಗಿಸಿ. ಸಡಿಲವಾದ, ಗಾಳಿಯಾಡುವ ಬಟ್ಟೆ ತೊಡಿ. ಮುಗಿದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಬಿಸಿನೀರಿಗಿಂತ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಸಂದಿಗಳನ್ನು ಒರೆಸಿ ಒಣಗಿಸಿ. ನೋವಿನ ಮಾತ್ರೆ ನುಂಗಿ ಓಡಬೇಡಿ. ಅಲರ್ಜಿಯ ಇತಿಹಾಸ ಇರುವವರು ಒಬ್ಬರೇ ಹೋಗಬೇಡಿ, ಮೊಬೈಲ್ ಜೊತೆಗಿರಲಿ, ಜೊತೆಗಾರರಿಗೆ ವಿಷಯ ಗೊತ್ತಿರಲಿ.

ಶಾಲೆಯ ಪಿ.ಟಿ. ಮೇಷ್ಟರಿಗೂ ತಂದೆತಾಯಿಗಳಿಗೂ ಒಂದು ಮಾತು. ಆಟದ ಪೀರಿಯಡ್‌ನಲ್ಲಿ ‘ಮೈ ಚುಚ್ಚುತ್ತಿದೆ’ ಎಂದು ಬದಿಗೆ ಬಂದು ನಿಲ್ಲುವ ಮಗು ಸೋಮಾರಿಯಲ್ಲ. ಅದರ ಶರ್ಟಿನ ಕಾಲರ್ ಸರಿಸಿ ಕುತ್ತಿಗೆ ನೋಡಿ, ಉಸಿರಾಟ ಹೇಗಿದೆ ಗಮನಿಸಿ, ನೆರಳಿನಲ್ಲಿ ಕೂರಿಸಿ, ಮನೆಗೆ ತಿಳಿಸಿ. ಮಧ್ಯಾಹ್ನದ ಊಟವಾದ ಕೂಡಲೇ ಕಬಡ್ಡಿ, ಖೋಖೋ ಆಡಿಸುವ ವೇಳಾಪಟ್ಟಿ ಇದ್ದರೆ ಅದನ್ನು ಬದಲಿಸುವುದು ಎಲ್ಲ ಮಕ್ಕಳಿಗೂ ಹಿತ.

ವ್ಯಾಯಾಮದಲ್ಲಿ ದದ್ದು ಬಂತೆಂದು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಂದ ಕಾಯುವ ಅಭ್ಯಾಸವನ್ನೇ ಕೈಬಿಡಬೇಡಿ. ಬರೀ ಚರ್ಮದಲ್ಲಿ ಕಂಡರೆ ನಿಲ್ಲಿಸಿ, ತಂಪಾಗಿ, ಫೋಟೊ ತೆಗೆದು, ಆ ವಾರದಲ್ಲೇ ವೈದ್ಯರನ್ನು ಕಾಣಿ. ಚರ್ಮದ ಜೊತೆ ಉಸಿರಿಗೋ ತಲೆಗೋ ತೊಂದರೆ ತಟ್ಟಿದರೆ ಆ ನಿಮಿಷವೇ ಆಸ್ಪತ್ರೆಗೆ ಹೋಗಿ. ಇಷ್ಟನ್ನು ನಿಮ್ಮ ವಾಕಿಂಗ್ ಗೆಳೆಯರಿಗೂ ಇಂದೇ ಹೇಳಿ.